ಕೊಡಗಿನ ತೋಟಗಳಲ್ಲಿ ಯೇಸುವಿನ ಶಿಷ್ಯರನ್ನು ಬೆಳೆಸುವುದು ಹೇಗೆ: ಒಂದು ಕಾಫಿ ವರ್ಷದ ಹಂತಗಳು

ಸಿದ್ದಾಪುರ, ಅಮ್ಮತ್ತಿ, ಪೊಲಿಬೆಟ್ಟ, ಸುಂಟಿಕೊಪ್ಪ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಲೈನ್ ಮನೆಯಲ್ಲಿ ಪ್ರಾರ್ಥನಾ ಕೂಟ ಶುರು ಮಾಡಿದ್ವಿ. ಮೊದಲ ತಿಂಗಳು ಇಪ್ಪತ್ತು ಜನ ಬಂದ್ರು. ಮಳೆ ಹಿಡಿಯೋ ಹೊತ್ತಿಗೆ ನಾನು, ನನ್ನ ಹೆಂಡತಿ, ಆ ಮನೆಯ ಅಜ್ಜಿ ಮೂರೇ ಜನ. ಎಲ್ಲಿ ತಪ್ಪಾಯ್ತು?" (ಲೈನ್ ಮನೆ ಎಂದರೆ ತೋಟದ ಕೆಲಸಗಾರರ ಸಾಲುಮನೆ.)

ನಾನೂ ಇದೇ ಗುಂಡಿಗೆ ಎರಡು ಸಲ ಬಿದ್ದವನು. ಮೊದಲ ಸಲ ಶುರು ಮಾಡಿದ್ದು ಜನವರಿಯಲ್ಲಿ. ಗಿಟಾರ್ ಇತ್ತು, ಸ್ಪೀಕರ್ ಇತ್ತು, ಬನ್ನು ಕಾಫಿಯೂ ಇತ್ತು. ರೊಬಸ್ಟಾ ಕಾಫಿಯ ಕುಯ್ಲು ಜೋರಾಗಿದ್ದ ಸಮಯ. ಬೆಳಿಗ್ಗೆಯಿಂದ ಹಣ್ಣು ಕುಯ್ದು, ಮೂಟೆ ಹೊತ್ತು ಬಂದವರು ನನ್ನ ಪ್ರಸಂಗದ ಹತ್ತನೇ ನಿಮಿಷಕ್ಕೇ ತೂಕಡಿಸಿದರು. ಅವರ ಭಕ್ತಿ ಕಡಿಮೆ ಎಂದು ನಾನು ಬೇಸರ ಮಾಡಿಕೊಂಡೆ. ಎಂಥ ದಡ್ಡತನ, ಅಲ್ವಾ?

ಬೈಬಲಿನ ಮತ್ತಾಯ ಸುವಾರ್ತೆಯ 28ನೇ ಅಧ್ಯಾಯದ ಕೊನೆಯ ಐದು ವಚನ ತೆಗೆದು ಅಲ್ಲಿನ ಕ್ರಮ ನೋಡಿ. ಹನ್ನೊಂದು ಮಂದಿ ಗಲಿಲಾಯದ ಬೆಟ್ಟಕ್ಕೆ ಹೋದರು. ಯೇಸುವನ್ನು ಕಂಡು ಅಡ್ಡಬಿದ್ದರು. ಕೆಲವರಿಗೆ ಸಂಶಯವೂ ಇತ್ತು. ಅಪ್ಪಣೆ ಬಂದದ್ದು ಆಮೇಲೆ. ಆ ಅಪ್ಪಣೆಯಲ್ಲೂ ಗ್ರೀಕ್ ಮೂಲದಲ್ಲಿ ಆಜ್ಞೆಯ ರೂಪದಲ್ಲಿರುವ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡಿರಿ. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಕಲಿಸುವುದು ಇವೆಲ್ಲ ಅದನ್ನು ಹಿಡಿದುಕೊಂಡು ಬರುವ ಮಾತುಗಳು. ಕೂಟ ನಡೆಸಿರಿ ಎಂದು ಅಲ್ಲಿ ಹೇಳಿಲ್ಲ. ನಾವು ಕೂಟದಿಂದ ಶುರು ಮಾಡಿ, ಶಿಷ್ಯರು ತಾವಾಗಿ ಹುಟ್ಟುತ್ತಾರೆ ಎಂದು ಕಾಯುತ್ತೇವೆ. ಹುಟ್ಟುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಹಂತ ಬಿಟ್ಟು ನಾಲ್ಕನೆಯದಕ್ಕೆ ಹಾರಿದವರೇ ಜಾಸ್ತಿ ಸೋತಿದ್ದಾರೆ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಪ್ರತಿಯೊಬ್ಬರಿಗೂ ಅವರು ಓದಬಲ್ಲ ಭಾಷೆಯ ಬೈಬಲ್ ಅಥವಾ ಮಾರ್ಕನ ಸುವಾರ್ತೆ ಮಾತ್ರ ಇರುವ ಚಿಕ್ಕ ಪುಸ್ತಕ. ಒಂದೇ ಸಾಲಿನ ಲೈನ್ ಮನೆಗಳಲ್ಲಿ ಕನ್ನಡ, ಮಲಯಾಳ, ತಮಿಳು, ಯರವ, ಈಗ ಹಿಂದಿಯೂ ಕೇಳಿಸುತ್ತದೆ. ಆದ್ದರಿಂದ ಮೊದಲೇ ಕೇಳಿಕೊಳ್ಳಿ. ಕನ್ನಡ ಮಾತಾಡುವವರೆಲ್ಲ ಕನ್ನಡ ಓದುತ್ತಾರೆ ಎಂದುಕೊಳ್ಳಬೇಡಿ.

ಓದಲು ಬಾರದವರಿಗೆ ಆಡಿಯೊ ಬೈಬಲ್ ಇದೆ. ಅದನ್ನು ಪೇಟೆಯಲ್ಲಿ ನೆಟ್‌ವರ್ಕ್ ಸಿಗುವಾಗಲೇ ಮೊಬೈಲಿಗೆ ಇಳಿಸಿಕೊಳ್ಳಿ. ತೋಟದೊಳಗೆ ಹೋಗಿ ಫೋನನ್ನು ಮೇಲೆತ್ತಿ ಸಿಗ್ನಲ್ ಹುಡುಕುತ್ತಾ ನಿಂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಇದರ ಜೊತೆ ಒಂದು ತೆಳ್ಳಗಿನ ನೋಟ್‌ಬುಕ್, ಒಂದು ಟಾರ್ಚ್, ಒಂದು ಕೊಡೆ.

ಸ್ಪೀಕರ್ ಬೇಡ. ಮೂರು ಜನಕ್ಕೆ ಸ್ಪೀಕರ್ ಯಾಕೆ? ಪಕ್ಕದ ಮನೆಯವರಿಗೆ ಕಿರಿಕಿರಿ. ಧ್ವನಿವರ್ಧಕಕ್ಕೆ ಅನುಮತಿಯೂ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಅದನ್ನು ಬಳಸುವಂತಿಲ್ಲ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ.

## ಹಂತ 1: ಮೊದಲು ನಿಮ್ಮ ಆರಾಧನೆ, ಒಂದು ತಿಂಗಳು

ಈ ತಿಂಗಳಲ್ಲಿ ಯಾರನ್ನೂ ಕರೆಯಬೇಡಿ. ಬೆಳಿಗ್ಗೆ ಮನೆಯವರು ಏಳುವ ಮೊದಲು ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ಮಾರ್ಕ 1:35ರಲ್ಲಿ ಯೇಸುವೇ ಮಬ್ಬುಗತ್ತಲೆಯಲ್ಲಿ ಎದ್ದು ಒಂಟಿಯಾಗಿ ಪ್ರಾರ್ಥಿಸಲು ಹೋಗುತ್ತಾನೆ.

ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. 23, 103, 113 ಇವುಗಳಿಂದ ಶುರು ಮಾಡಬಹುದು. ಸುವಾರ್ತೆಯ ಒಂದು ಚಿಕ್ಕ ಭಾಗ ಓದಿ. ಆಮೇಲೆ ಐದು ನಿಮಿಷ ಏನನ್ನೂ ಬೇಡದೆ ಪ್ರಾರ್ಥಿಸಿ. ಇದು ಕೇಳಿದಷ್ಟು ಸುಲಭ ಅಲ್ಲ. ನಮ್ಮ ಪ್ರಾರ್ಥನೆಯಲ್ಲಿ "ಕೊಡು", "ಮಾಡು", "ಕಾಪಾಡು" ತೆಗೆದುಬಿಟ್ಟರೆ ಉಳಿಯುವುದೇನು ಎಂದು ಮೊದಲ ದಿನವೇ ಗೊತ್ತಾಗುತ್ತದೆ. ನನಗೆ ಎರಡನೇ ನಿಮಿಷಕ್ಕೇ ಮಾತು ಮುಗಿದಿತ್ತು. ಆ ಭಾಗದಲ್ಲಿ ಯೇಸು ಏನು ಮಾಡಿದ ಎಂಬುದನ್ನೇ ಅವನಿಗೆ ತಿರುಗಿ ಹೇಳಿ. ಕುಷ್ಠರೋಗಿಯನ್ನು ಮುಟ್ಟಿದೆ, ಸ್ತೋತ್ರ. ಬಿರುಗಾಳಿಗೆ ಸುಮ್ಮನಿರು ಎಂದೆ, ಸ್ತೋತ್ರ. ಇಷ್ಟೇ ಆರಾಧನೆಯ ಅ ಆ ಇ ಈ.

ಜಾಗದ ಬಗ್ಗೆ ಚಿಂತೆ ಬೇಡ. ತಂದೆಯನ್ನು ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸಬೇಕು ಎಂಬ ಮಾತನ್ನು ಯೇಸು ಹೇಳಿದ್ದು ಬಾವಿಯ ಹತ್ತಿರ, ನೀರಿಗೆ ಬಂದ ಸಮಾರ್ಯದ ಹೆಂಗಸಿಗೆ (ಯೋಹಾನ 4). ಅಡುಗೆಮನೆಯ ಒಲೆಯ ಪಕ್ಕವೂ ಆದೀತು.

ಭಾನುವಾರದ ಆರಾಧನೆ ತಪ್ಪಿಸಬೇಡಿ. ನಿಮ್ಮ ಸಭಾಪಾಲಕರಿಗೆ, ಕ್ಯಾಥೊಲಿಕರಾದರೆ ಫಾದರ್ ಅವರಿಗೆ, ಹೀಗೆ ಮಾಡಬೇಕೆಂದಿದ್ದೇನೆ ಎಂದು ಈ ತಿಂಗಳಲ್ಲೇ ಹೇಳಿ. ಎಷ್ಟೋ ಮನೆ ಕೂಟಗಳು ಹುಟ್ಟುವುದು ಪಾಸ್ಟರ್ ಜೊತೆ ಜಗಳವಾದ ಮರುವಾರ. ಅಂಥ ಕೂಟದಲ್ಲಿ ಜನ ಮೊದಲು ಕಲಿಯುವ ಪಾಠ ಆ ಜಗಳವೇ.

ಎಚ್ಚರಿಕೆಯ ಗುರುತು: ಜನರ ಮುಂದೆ ಹತ್ತು ನಿಮಿಷ ಪ್ರಾರ್ಥಿಸಲು ಬರುತ್ತದೆ, ಒಬ್ಬರೇ ಇದ್ದಾಗ ಎರಡು ನಿಮಿಷವೂ ಆಗುವುದಿಲ್ಲ. ಹೀಗಿದ್ದರೆ ಇನ್ನೊಂದು ತಿಂಗಳು ಇಲ್ಲೇ ಇರಿ. ಸಂಶಯ ಇದೆ ಎಂದು ಮಾತ್ರ ನಿಲ್ಲಬೇಡಿ. ಬೆಟ್ಟದ ಮೇಲೆ ಸಂಶಯಪಟ್ಟವರಿಗೂ ಯೇಸು ಅದೇ ಕೆಲಸ ಒಪ್ಪಿಸಿದ.

## ಹಂತ 2: ಇಬ್ಬರು, ಹೆಚ್ಚೆಂದರೆ ಮೂವರು

ಮಾರ್ಕ 3:14ರಲ್ಲಿ ಯೇಸು ಹನ್ನೆರಡು ಮಂದಿಯನ್ನು ಆರಿಸುತ್ತಾನೆ. ಅವರು ತನ್ನ ಜೊತೆ ಇರಬೇಕು, ತಾನು ಅವರನ್ನು ಕಳುಹಿಸಬೇಕು ಎಂಬುದೇ ಅಲ್ಲಿನ ಕಾರಣ. ಸುತ್ತ ಜನಜಾತ್ರೆ ಇದ್ದರೂ ಆರಿಸಿದ್ದು ಹನ್ನೆರಡನ್ನೇ. ಹೊಟ್ಟೆಪಾಡಿನ ಕೆಲಸವೂ ಇರುವ ನಮಗೆ ಮೂವರು ಸಾಕೋ ಸಾಕು.

ನೋಟ್‌ಬುಕ್‌ನಲ್ಲಿ ಐದು ಹೆಸರು ಬರೆದು ಎರಡು ವಾರ ಅವರಿಗಾಗಿ ಪ್ರಾರ್ಥಿಸಿ. ಅಷ್ಟರೊಳಗೆ ಮೂರು ವಿಷಯ ಗಮನಿಸಿ. ಯಾರು ತಾವಾಗಿ ಬಂದು ಪ್ರಶ್ನೆ ಕೇಳುತ್ತಾರೆ? ಯಾರು ಹೇಳಿದ ಮಾತಿನಂತೆ ನಡೆಯುತ್ತಾರೆ? ಯಾರ ಮನೆ ಅಂಗಳದಲ್ಲಿ ಸಂಜೆ ನಾಲ್ಕು ಜನ ಕುಳಿತಿರುತ್ತಾರೆ? ಚೆನ್ನಾಗಿ ಹಾಡುವವರು, ಜೋರಾಗಿ ಪ್ರಾರ್ಥಿಸುವವರು ಈ ಪಟ್ಟಿಗೆ ತಾವಾಗಿ ಸೇರಬೇಕಿಲ್ಲ.

ಗಂಡಸರ ಜೊತೆ ಗಂಡಸರು, ಹೆಂಗಸರ ಜೊತೆ ಹೆಂಗಸರು ಕುಳಿತರೆ ಒಳ್ಳೆಯದು. ಹದಿನೆಂಟು ತುಂಬದ ಮಕ್ಕಳನ್ನು ಅಪ್ಪ ಅಮ್ಮನಿಗೆ ತಿಳಿಸದೆ, ಅವರಿಲ್ಲದೆ ಕೂರಿಸಬೇಡಿ.

ನಮ್ಮ ಕಡೆ ಜನ ಮರೆಯುವ ಮಾತು ಇನ್ನೊಂದಿದೆ. ನೀವು ತೋಟದ ರೈಟರ್ (ಲೆಕ್ಕ ಬರೆಯುವವರು) ಆಗಿದ್ದರೆ, ಮೇಸ್ತ್ರಿ ಆಗಿದ್ದರೆ ಅಥವಾ ತೋಟವೇ ನಿಮ್ಮದಾಗಿದ್ದರೆ, ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಆರಿಸಬೇಡಿ. ನಿಮ್ಮಿಂದ ಸಾಲ ತೆಗೆದುಕೊಂಡವರನ್ನೂ ಬೇಡ. ಅವರಿಗೆ "ಬೇಡ ಅಣ್ಣಾ" ಎನ್ನಲು ಬಾಯಿ ಬರುವುದಿಲ್ಲ. ಬೇಡ ಎನ್ನಲಾಗದವರು "ಹೂಂ" ಎಂದರೆ ಅದಕ್ಕೆ ಬೆಲೆ ಇಲ್ಲ. ಅಂಥವರಿಗೆ ಆಸೆ ಇದ್ದರೆ ಬೇರೆ ತೋಟದ ವಿಶ್ವಾಸಿಯೊಬ್ಬರ ಪರಿಚಯ ಮಾಡಿಸಿ.

ಕೇಳುವಾಗ ನೇರವಾಗಿ ಕೇಳಿ. "ಅಕ್ಕಾ, ವಾರಕ್ಕೆ ಒಂದು ಗಂಟೆ ಕೂತು ಮಾರ್ಕನ ಸುವಾರ್ತೆ ಓದೋಣ್ವಾ? ಐದು ತಿಂಗಳು ಆಗುತ್ತೆ. ಸಾಕು ಅನ್ನಿಸಿದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಬಹುದು." ಸುಮ್ನೆ ಕಾಫಿಗೆ ಬನ್ನಿ ಎಂದು ಕರೆದು ಬೈಬಲ್ ತೆಗೆಯುವ ಉಪಾಯ ಬೇಡ. ಮುಂದಿನ ಸಲ ಅವರು ಕಾಫಿಗೂ ಬರುವುದಿಲ್ಲ.

## ಹಂತ 3: ಯಾವಾಗ, ಎಲ್ಲಿ, ಎಷ್ಟು ಹೊತ್ತಿಗೆ

ನನ್ನ ಎರಡೂ ಸೋಲಿನ ಮುಕ್ಕಾಲು ಪಾಲು ಈ ಹಂತದಲ್ಲೇ ಆದದ್ದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಡಗಿನಲ್ಲಿ ವರ್ಷ ಜನವರಿಗೆ ಶುರುವಾಗುವುದಿಲ್ಲ, ಕಾಫಿಯ ಜೊತೆ ಶುರುವಾಗುತ್ತದೆ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಹಿಡಿಯುತ್ತದೆ. ಅದರ ಬೆನ್ನಿಗೇ ರೊಬಸ್ಟಾ, ಮಾರ್ಚ್‌ವರೆಗೂ ಎಳೆಯುತ್ತದೆ. ನಡುವೆ ಕರಿಮೆಣಸು ಬೇರೆ. ಈ ತಿಂಗಳುಗಳಲ್ಲಿ ಹೊಸದಾಗಿ ಏನನ್ನೂ ಶುರು ಮಾಡಬೇಡಿ. ಜನ ಕುಯ್ದಷ್ಟಕ್ಕೆ ಕೂಲಿ ಎಣಿಸುವ ಕಾಲ ಅದು. ಕೂಟಕ್ಕೆಂದು ಬೇಗ ಹೊರಟರೆ ಆ ದಿನದ ಸಂಪಾದನೆಗೇ ಕತ್ತರಿ.

ಶುರು ಮಾಡಲು ಒಳ್ಳೆಯ ಸಮಯ ಈಸ್ಟರ್ ಆದ ಮೇಲೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿರುತ್ತದೆ, ಕುಯ್ಲು ಮುಗಿದಿರುತ್ತದೆ, ಯೇಸು ಎದ್ದು ಬಂದ ಮಾತು ಕಿವಿಯಲ್ಲಿ ಹೊಸದಾಗಿರುತ್ತದೆ. ಮಳೆ ಹಿಡಿಯುವ ಮೊದಲು ಆರೇಳು ವಾರ ಸಿಗುತ್ತವೆ. ಅಷ್ಟರಲ್ಲಿ ಅಭ್ಯಾಸ ಗಟ್ಟಿಯಾಗಿದ್ದರೆ ಜೂನ್, ಜುಲೈ, ಆಗಸ್ಟ್ ದಾಟಬಹುದು.

ಮಳೆಗಾಲದ ಲೆಕ್ಕ ಬೇರೆ. ಶೀಟಿನ ಮಾಡಿನ (ಛಾವಣಿಯ) ಮೇಲೆ ಆಟಿ ಮಳೆ ಸುರಿಯುವಾಗ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸದು. ಹೆಂಚಿನ ಮನೆ ಅಥವಾ ಮಂಗಳೂರು ಹೆಂಚಿನ ಜಗುಲಿ ಹುಡುಕಿಕೊಳ್ಳಿ. ಕರೆಂಟು ಎರಡು ಮೂರು ದಿನ ಇಲ್ಲದಿರುವುದೂ ಉಂಟು, ಹಗಲು ಬೆಳಕಲ್ಲೇ ಓದಿ ಮುಗಿಸಿ. ಹೊಳೆ ದಾಟಿ ಬರಬೇಕಾದವರು ಇದ್ದರೆ, ಗುಡ್ಡ ಜರಿಯುವ ಜಾಗ ದಾರಿಯಲ್ಲಿದ್ದರೆ ಆ ವಾರ ಬಿಟ್ಟುಬಿಡಿ. ಆಗಸ್ಟ್ 2018 ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆನೆ. ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಸುತ್ತಿನ ತೋಟಗಳಲ್ಲಿ ಸಂಜೆ ಮೇಲೆ ಕೂಟ ಇಡುವುದೆಂದರೆ ಜನರ ಜೀವದ ಜೊತೆ ಆಟ. ದೇವರು ಕಾಪಾಡುತ್ತಾನೆ ಎಂದು ಹೇಳಿ ಏಳೂವರೆಗೆ ಹೆಂಗಸರನ್ನು ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ಕಳುಹಿಸಿದವರನ್ನು ನಾನು ನೋಡಿದ್ದೇನೆ. ಅದು ನಂಬಿಕೆ ಅಲ್ಲ, ದೇವರನ್ನು ಪರೀಕ್ಷೆ ಮಾಡುವುದು. ಆರು ಗಂಟೆಯೊಳಗೆ ಎಲ್ಲರೂ ಮನೆ ಸೇರಿರಬೇಕು. ಹೊರಡುವ ಮೊದಲು ಆನೆ ಎಲ್ಲಿದೆ ಎಂದು ತೋಟದ ಕಾವಲಿನವರನ್ನು ಕೇಳಿ.

ದಿನ ಗೊತ್ತುಮಾಡುವಾಗ ಸಂತೆಯ ದಿನ ಬಿಡಿ. ಮಡಿಕೇರಿಯವರಿಗೆ ಶುಕ್ರವಾರ ಹೇಳಿದರೆ ಯಾರು ಬರುತ್ತಾರೆ? ನಮಗೆ ಹೊಂದಿದ್ದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಮೂರರಿಂದ ನಾಲ್ಕು.

ಲೈನ್ ಮನೆಯಲ್ಲಿ ಕೂರುವುದಾದರೆ ಅದು ತೋಟದವರ ಆಸ್ತಿ ಎಂಬುದು ನೆನಪಿರಲಿ. ಸಾಹುಕಾರರಿಗೆ ಮೊದಲೇ ಒಂದು ಮಾತು ತಿಳಿಸಿ. ಬೇಡ ಎಂದರೆ ವಾದ ಮಾಡಬೇಡಿ, ಬೇರೆ ಜಾಗ ಹುಡುಕಿ. ಬಾಗಿಲು ತೆರೆದೇ ಇಟ್ಟು ಕುಳಿತುಕೊಳ್ಳಿ. ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತಿದೆ ಎಂಬ ಕತೆಗೆ ಊರಲ್ಲಿ ಕೊರತೆ ಇಲ್ಲ.

## ಹಂತ 4: ಆ ಒಂದು ಗಂಟೆ

ಮೊದಲ ಹತ್ತು ನಿಮಿಷ ವಿಚಾರಿಸಿಕೊಳ್ಳಿ. ಮಗುವಿಗೆ ಜ್ವರ ಹೇಗಿದೆ, ಬಟವಾಡೆ ಆಯ್ತಾ. ಜೊತೆಗೆ, ಕಳೆದ ವಾರ ಮಾಡುತ್ತೇನೆ ಎಂದದ್ದು ಮಾಡಿದಿರಾ ಎಂದೂ ಕೇಳಿ. ಈ ಪ್ರಶ್ನೆ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಓದು. ಮೊದಲು ನಿಮ್ಮದನ್ನೇ ಹೇಳಿ, ಆಗಿಲ್ಲವಾದರೆ ಆಗಿಲ್ಲ ಎನ್ನಿ.

ಆಮೇಲೆ ಹತ್ತು ನಿಮಿಷ ಆರಾಧನೆ. ಎಲ್ಲರಿಗೂ ಬಾಯಿಪಾಠ ಇರುವ ಒಂದು ಹಾಡು, ಒಂದು ಕೀರ್ತನೆ, ಒಬ್ಬೊಬ್ಬರದು ಒಂದೊಂದು ವಾಕ್ಯದ ಸ್ತೋತ್ರ. ಇನ್ನೂ ನಂಬದವರು ಜೊತೆಯಲ್ಲಿದ್ದರೆ ಅವರು ಸುಮ್ಮನೆ ಕುಳಿತಿರಲಿ, ಒತ್ತಾಯ ಬೇಡ.

ನಡುವಿನ ಅರ್ಧ ಗಂಟೆ ಓದು. ಒಂದು ಭಾಗವನ್ನು ಎರಡು ಸಲ ಓದಿ. ಪುಸ್ತಕ ಮುಚ್ಚಿ. ಒಬ್ಬರು ಅದನ್ನು ತಮ್ಮ ಮಾತಿನಲ್ಲಿ ಕತೆಯಾಗಿ ಹೇಳಲಿ. ಬಿಟ್ಟುಹೋದದ್ದನ್ನು ಉಳಿದವರು ಸೇರಿಸಲಿ. ಓದಲು ಬಾರದ ಅಜ್ಜಿಯರು ಇದರಲ್ಲಿ ಓದಿದವರನ್ನು ಸೋಲಿಸುತ್ತಾರೆ. ಆಮೇಲೆ ಮೂರೇ ಪ್ರಶ್ನೆ: ಇಲ್ಲಿ ಯೇಸು ಎಂಥವನು ಎಂದು ಕಾಣುತ್ತದೆ? ಇಲ್ಲಿರುವ ಜನರಲ್ಲಿ ನಾನು ಯಾರ ಹಾಗಿದ್ದೇನೆ? ಈ ವಾರ ನಾನು ಏನು ಮಾಡಬೇಕು?

ಕೊನೆಯ ಹತ್ತು ನಿಮಿಷ ಮೂರನೇ ಪ್ರಶ್ನೆಯ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದು ಪ್ರಾರ್ಥಿಸಿ ಮುಗಿಸಿ. "ಜಾಸ್ತಿ ಪ್ರೀತಿಸುತ್ತೇನೆ" ಎಂಬ ಉತ್ತರ ಬರೆಯಬೇಡಿ. ಯಾರನ್ನು, ಯಾವ ದಿನ, ಏನು ಮಾಡಿ?

ಒಂದು ಉದಾಹರಣೆ. ಮಾರ್ಕ 2ರಲ್ಲಿ ನಾಲ್ಕು ಮಂದಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನಸಂದಣಿಯಲ್ಲಿ ದಾರಿ ಸಿಗದೆ ಮಾಡು ತೆಗೆದು ಇಳಿಸುತ್ತಾರೆ. ನಾನು ಪಾಪಕ್ಷಮೆಯ ಬಗ್ಗೆ ಮಾತು ತೆಗೆಯಬೇಕೆಂದಿದ್ದೆ. ಅಷ್ಟರಲ್ಲಿ ಒಬ್ಬ ಅಕ್ಕ ಕೇಳಿದರು: "ಅಲ್ಲಣ್ಣಾ, ಆ ಮಾಡನ್ನು ಮತ್ತೆ ಹಾಕಿಕೊಟ್ಟವರು ಯಾರು?" ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅವರದೇ ಸಾಲಿನ ಕೊನೆಯ ಮನೆಯ ಮಾತು ಬಂತು. ಅಲ್ಲಿ ಒಬ್ಬ ಮುದುಕರು ಒಂಟಿಯಾಗಿದ್ದರು, ಹೆಂಚು ಒಡೆದಿತ್ತು, ಮಳೆಗೆ ಮೂರು ವಾರ ಬಾಕಿ. ಆ ವಾರದ ಕೆಲಸ ಅದೇ ಆಯಿತು. ಪಾಪಕ್ಷಮೆಯ ಮಾತನ್ನು ಮುಂದಿನ ವಾರ ಆಡಿದೆವು. ಹೆಂಚು ಹಾಕಿಕೊಟ್ಟದ್ದಕ್ಕೆ ಆ ಮುದುಕರನ್ನು ಪ್ರಾರ್ಥನೆಗೆ ಕರೆಯಲಿಲ್ಲ. ಈ ಕೊನೆಯ ವಾಕ್ಯವನ್ನು ಇನ್ನೊಂದು ಸಲ ಓದಿ. ಹಂತ 7ರಲ್ಲಿ ಕಾರಣ ಸಿಗುತ್ತದೆ.

ಸಾಮಾನ್ಯ ತಪ್ಪು: ನೀವೇ ಮಾತಾಡುವುದು. ಅರ್ಧ ಗಂಟೆಯಲ್ಲಿ ನಿಮ್ಮ ಪಾಲು ಹತ್ತು ನಿಮಿಷ ಮೀರಿದರೆ ಅದು ಪ್ರಸಂಗ. ಯಾರೂ ಉತ್ತರಿಸದಿದ್ದಾಗ ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ. ಹದಿನೈದಕ್ಕೆ ಯಾರಾದರೂ ಬಾಯಿ ಬಿಡುತ್ತಾರೆ.

## ಹಂತ 5: ಮಾರ್ಕನ 16 ಅಧ್ಯಾಯಗಳು, ಸಿಕ್ಕಿಹಾಕಿಕೊಳ್ಳುವ ಜಾಗಗಳು

ಮಾರ್ಕನೇ ಯಾಕೆಂದರೆ ನಾಲ್ಕರಲ್ಲಿ ಚಿಕ್ಕದು, ಓಟ ಜಾಸ್ತಿ, ಉಪನ್ಯಾಸ ಕಮ್ಮಿ. ವಾರಕ್ಕೆ ಒಂದು ಅಧ್ಯಾಯ. ಪೂರ್ತಿ ಅಧ್ಯಾಯವನ್ನು ಮನೆಯಲ್ಲಿ ಓದಿ ಅಥವಾ ಕೇಳಿ ಬರಲಿ, ಕುಳಿತಾಗ ಒಂದೇ ಘಟನೆ ತೆಗೆದುಕೊಳ್ಳಿ. 14ನೇ ಅಧ್ಯಾಯಕ್ಕೆ 72 ವಚನಗಳಿವೆ, ಅದಕ್ಕೆ ಎರಡು ವಾರ ಕೊಡಿ. ಮಳೆ, ಮದುವೆ, ಸಾವು ಎಂದು ತಪ್ಪುವ ವಾರಗಳನ್ನೂ ಸೇರಿಸಿದರೆ ಐದು ತಿಂಗಳು.

5ನೇ ಅಧ್ಯಾಯದಲ್ಲಿ ಸುಮಾರು ಎರಡು ಸಾವಿರ ಹಂದಿಗಳು ಸರೋವರಕ್ಕೆ ಬಿದ್ದು ಸಾಯುತ್ತವೆ. ಕೊಡಗಿನಲ್ಲಿ ಈ ಕತೆ ಹೇಳಿ ನೋಡಿ! ದೆವ್ವ ಬಿಟ್ಟವನನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಹಂದಿಯದೇ ಚಿಂತೆ. ಬೈಯಬೇಡಿ. ಆ ಊರಿನವರೂ ಅದನ್ನೇ ಮಾಡಿದರು, ಯೇಸುವನ್ನು ಊರು ಬಿಟ್ಟು ಹೋಗು ಎಂದರು. "ನಾವೂ ಅವರ ಹಾಗೇ ಲೆಕ್ಕ ಹಾಕಿದ್ವಲ್ಲ" ಎಂದು ಅವರಿಂದಲೇ ಬರಲಿ. ಗುಣವಾದವನಿಗೆ ಯೇಸು, ನಿನ್ನ ಮನೆಗೆ ಹೋಗಿ ನಿನ್ನವರಿಗೆ ಹೇಳು ಎನ್ನುತ್ತಾನೆ. ಈ ವಾರದ ಕೆಲಸ ಅಲ್ಲೇ ಇದೆ.

8:29ರಲ್ಲಿ ನಿಲ್ಲಿ. "ನೀವು ನನ್ನನ್ನು ಯಾರೆನ್ನುತ್ತೀರಿ" ಎಂಬ ಪ್ರಶ್ನೆಗೆ ಅವರ ಪರವಾಗಿ ನೀವು ಉತ್ತರ ಹೇಳಬೇಡಿ. ಒಂದು ವಾರ, ಎರಡು ವಾರ ಬೇಕಾದರೂ ಆಗಲಿ. ಒಳ್ಳೆಯ ಗುರು ಎಂದವರಿಗೆ, ದೊಡ್ಡ ವೈದ್ಯ ಎಂದವರಿಗೆ, ಗೊತ್ತಿಲ್ಲ ಎಂದವರಿಗೆ ಸೋತೆ ಎಂದು ಅನ್ನಿಸಬಾರದು. ಅದೇ ಅಧ್ಯಾಯದ 34ನೇ ವಚನದ ಶಿಲುಬೆಯ ಮಾತನ್ನೂ ಮರೆಮಾಡಬೇಡಿ. ಯೇಸುವನ್ನು ಹಿಂಬಾಲಿಸಿದರೆ ಸಾಲ ತೀರುತ್ತದೆ, ಕಾಯಿಲೆ ಹೋಗುತ್ತದೆ ಎಂದು ಹೇಳಿ ಕರೆತಂದವರು ಮೊದಲ ಕಷ್ಟಕ್ಕೇ ಹೋಗಿಬಿಡುತ್ತಾರೆ. 4ನೇ ಅಧ್ಯಾಯದ ಬಂಡೆನೆಲದ ಬೀಜ ಅದೇ ಅಲ್ವಾ?

16ನೇ ಅಧ್ಯಾಯದ ತೀರ ಹಳೆಯ ಕೈಬರಹಗಳು 8ನೇ ವಚನಕ್ಕೇ ಮುಗಿಯುತ್ತವೆ ಎಂಬುದನ್ನು ಹೇಳಿಬಿಡಿ. ಆಮೇಲಿನ ಭಾಗದಲ್ಲಿ ಹಾವು ಹಿಡಿಯುವ ಮಾತಿದೆ. ಕಾಳಿಂಗ ಸರ್ಪ ಓಡಾಡುವ ಊರು ನಮ್ಮದು. ಯಾರೂ ಪ್ರಯೋಗಕ್ಕೆ ಇಳಿಯುವುದು ಬೇಡ.

## ಹಂತ 6: ಉಳಿದ ಆರು ದಿನ

ಅಪ್ಪಣೆಯಲ್ಲಿ ಇರುವುದು "ಕಲಿಸಿರಿ" ಎಂದಷ್ಟೇ ಅಲ್ಲ, ಆಜ್ಞಾಪಿಸಿದ್ದನ್ನು ಕಾಪಾಡಿಕೊಳ್ಳಲು ಕಲಿಸಿರಿ ಎಂದು. ಕಾಪಾಡಿಕೊಳ್ಳುವುದು ಭಾನುವಾರ ಮೂರು ಗಂಟೆಗೆ ನಡೆಯುವ ಕೆಲಸವಲ್ಲ.

ನಾನು ಜೊತೆಗಿದ್ದ ಒಬ್ಬ ಅಣ್ಣನಿಗೆ ಬಟವಾಡೆ ದಿನವೇ ಗಂಡಾಂತರ. ದುಡ್ಡು ಕೈಗೆ ಬಂದರೆ ಮನೆಗೆ ಹೋಗುವ ದಾರಿ ವೈನ್ ಶಾಪ್ ಮುಂದೆಯೇ ಹಾದುಹೋಗುತ್ತಿತ್ತು. ಮಾರ್ಕ 10ರ ಕುರುಡ ಬಾರ್ತಿಮಾಯ ತನ್ನ ಮೇಲ್ಹೊದಿಕೆ ಬಿಸಾಡಿ ಎದ್ದದ್ದನ್ನು ಓದಿದ ವಾರ ಅವರು, "ಬಟವಾಡೆ ದಿನ ನೀವು ನನ್ನ ಜೊತೆ ನಡೀರಿ" ಎಂದರು. ನಡೆದೆ. ಎರಡು ಕಿಲೋಮೀಟರ್. ಬೈಬಲಿನ ಮಾತೇ ಬರಲಿಲ್ಲ, ಬರೀ ಮೆಣಸಿನ ಬೆಲೆ ಮಾತಾಡಿದೆವು. ದುಡ್ಡು ಅತ್ತಿಗೆಯ ಕೈ ಸೇರಿತು. ಎಂಟು ಬಟವಾಡೆಗಳಲ್ಲಿ ಒಂದನ್ನು ಬಿಟ್ಟು ಎಲ್ಲಕ್ಕೂ ಹೀಗೆ ನಡೆದೆ. ಮೂರನೆಯದರಲ್ಲಿ ನಾನು ಬೇರೆ ಊರಿಗೆ ಹೋಗಿದ್ದೆ, ಅವರು ಕುಡಿದರು. ನಾಲ್ಕನೆಯದಕ್ಕೆ ಮತ್ತೆ ನಡೆದೆವು. ಶಿಷ್ಯರನ್ನು ಬೆಳೆಸುವುದು ನನಗೆ ಅರ್ಥವಾದದ್ದು ಆ ದಾರಿಯಲ್ಲಿ.

ಕಾಯಿಲೆಗೆ ಪ್ರಾರ್ಥಿಸಿ. ಮಾತ್ರೆ ನಿಲ್ಲಿಸಲು ಮಾತ್ರ ಎಂದಿಗೂ ಹೇಳಬೇಡಿ. ಪ್ರಾರ್ಥಿಸಿದ ಕೈಯೇ ಆಟೊ ಹತ್ತಿಸಿ ಆಸ್ಪತ್ರೆಗೂ ಕರೆದುಕೊಂಡು ಹೋಗಲಿ.

ಬೇರೆಯವರ ದೇವರನ್ನು, ಐನ್‌ಮನೆಯ (ಕೊಡವರ ಮೂಲಮನೆಯ) ಕಾರಣವರನ್ನು ಅಂದರೆ ಪೂರ್ವಜರನ್ನು, ಕಾವೇರಮ್ಮನನ್ನು ಹೀಯಾಳಿಸುವ ಮಾತು ನಿಮ್ಮ ಗುಂಪಿನಲ್ಲಿ ಬಂದರೆ ಅಲ್ಲೇ ತಡೆಯಿರಿ. ಮನೆಯವರ ಜೊತೆ ಜಗಳವಾಡಿ ಬಂದವರನ್ನು ಧೈರ್ಯಶಾಲಿ ಎಂದು ಹೊಗಳಬೇಡಿ. ಸುಗ್ಗಿ ಹಬ್ಬ ಹುತ್ತರಿಗೆ ಏನು ಮಾಡಬೇಕು, ಏನು ಬೇಡ ಎಂಬುದನ್ನು ಅವರೇ ಪ್ರಾರ್ಥಿಸಿ, ಮನೆಯ ಹಿರಿಯರ ಜೊತೆ ಮರ್ಯಾದೆಯಿಂದ ಮಾತಾಡಿ ತೀರ್ಮಾನಿಸಲಿ. ಸಾವಿನ ಮನೆಗೆ, ಮದುವೆ ಕೆಲಸಕ್ಕೆ ಮೊದಲಿಗಿಂತ ಜಾಸ್ತಿಯೇ ಹೋಗಲಿ.

## ಹಂತ 7: ದೀಕ್ಷಾಸ್ನಾನದ ಮಾತು ಬಂದಾಗ

ನೀವಾಗಿ ಎತ್ತಬೇಡಿ. ಮಾರ್ಕ ಮುಗಿಯುವ ಹೊತ್ತಿಗೆ ಅವರಾಗಿ ಕೇಳಿದರೆ ಕ್ರಮ ಹೀಗಿರಲಿ.

ಮೊದಲು ಸಭಾಪಾಲಕರ ಬಳಿ ಕರೆದುಕೊಂಡು ಹೋಗಿ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಕೊಡುವ ಸ್ನಾನ ಅದು, ನಿಮ್ಮ ಗುಂಪಿನ ಸದಸ್ಯತ್ವ ಅಲ್ಲ. ತಯಾರಿ ಎಷ್ಟು ದಿನ ಎಂಬುದು ಸಭೆಯಿಂದ ಸಭೆಗೆ ಬೇರೆ. ಕ್ಯಾಥೊಲಿಕರಲ್ಲಿ ದೊಡ್ಡವರ ಜ್ಞಾನಸ್ನಾನಕ್ಕೆ ತಿಂಗಳುಗಟ್ಟಲೆ ಶಿಕ್ಷಣ ಇರುತ್ತದೆ.

ಎರಡನೆಯದು ಕಾನೂನು. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಪಾಲಿಸಲು, ಪ್ರಚಾರ ಮಾಡಲು ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯ ಪ್ರಕಾರ ಧರ್ಮ ಬದಲಿಸುವವರೂ ಸಂಸ್ಕಾರ ನಡೆಸುವವರೂ 30 ದಿನ ಮೊದಲು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಒತ್ತಾಯ, ವಂಚನೆ, ಆಮಿಷ, ಮದುವೆಯ ಭರವಸೆ ಇವುಗಳಿಂದ ನಡೆದ ಮತಾಂತರ ಅಪರಾಧ. ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ ಆಮಿಷದ ಪಟ್ಟಿಯಲ್ಲಿವೆ. ಇನ್ನೊಂದು ಧರ್ಮವನ್ನು ಕೀಳಾಗಿ ತೋರಿಸುವುದೂ ಇದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ತೀರ್ಮಾನ ಬೇರೆ, ಕಾಯಿದೆ ರದ್ದಾಗುವುದು ಬೇರೆ. ದಿನ ಗೊತ್ತುಮಾಡುವ ಮೊದಲು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಬ್ಬ ವಕೀಲರನ್ನು ಕಂಡು ಆ ದಿನದ ಸ್ಥಿತಿ ಕೇಳಿಕೊಳ್ಳಿ.

ಹೆಂಚಿನ ಮಾತು ಈಗ ಅರ್ಥವಾಯಿತಲ್ಲ? ಸಹಾಯ ಮಾಡಿ, ಜಾಸ್ತಿಯೇ ಮಾಡಿ. ಅದಕ್ಕೆ ಪ್ರಾರ್ಥನೆಯ ದಾರ ಕಟ್ಟಬೇಡಿ. ಕಾನೂನು ಇಲ್ಲದಿದ್ದರೂ ಅಕ್ಕಿಗೆ ಬಂದವರು ಅಕ್ಕಿ ಮುಗಿದ ದಿನ ಹೋಗುತ್ತಾರೆ.

ಮೂರನೆಯದು ಜಾತಿ ಪ್ರಮಾಣಪತ್ರ. ಇದನ್ನು ಮುಚ್ಚಿಡುವವರ ಮೇಲೆ ನನಗೆ ಸಿಟ್ಟಿದೆ. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ, 1950ರ ರಾಷ್ಟ್ರಪತಿ ಆದೇಶದ ಪ್ರಕಾರ, ಆ ಸ್ಥಾನಮಾನ ಹೋಗುತ್ತದೆ. ಮಕ್ಕಳ ಸ್ಕಾಲರ್‌ಶಿಪ್, ಮೀಸಲಾತಿ ಎಲ್ಲಕ್ಕೂ ಅದು ತಾಗುತ್ತದೆ. ಯರವ, ಜೇನು ಕುರುಬರಂಥ ಪರಿಶಿಷ್ಟ ಪಂಗಡದವರಿಗೆ ಆ ಆದೇಶ ಅನ್ವಯವಾಗುವುದಿಲ್ಲ. ಈ ಲೆಕ್ಕವನ್ನು ದೀಕ್ಷಾಸ್ನಾನಕ್ಕೆ ಮೊದಲು ಹೇಳಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸುತ್ತಾನೆ ಎಂದು ಯೇಸುವೇ ಹೇಳಿದ್ದಾನೆ (ಲೂಕ 14:28).

## ಹಂತ 8: ಕುಯ್ಲಿನ ಕಾಲದಲ್ಲಿ ಕೈ ಬಿಡುವುದು

ಅಕ್ಟೋಬರ್ ಮುಗಿಯಿತು, ಕಣ ಗುಡಿಸುವ ಕೆಲಸ ಶುರುವಾಯಿತು. ಈಗ ವಾರದ ಕೂಟ ನಿಲ್ಲಿಸಿ. ಹೌದು, ನಿಲ್ಲಿಸಿ. ಐದು ತಿಂಗಳು ತಿಂಗಳಿಗೊಮ್ಮೆ ಸಿಕ್ಕರೆ ಸಾಕು.

ಈ ಐದು ತಿಂಗಳಲ್ಲಿ ಪ್ರತಿಯೊಬ್ಬರೂ ತಮ್ಮದೇ ಒಬ್ಬರನ್ನು ಹುಡುಕಿ, ಮಾರ್ಕನ ಮೂರೇ ಮೂರು ಕತೆ ಹೇಳಲಿ. ಕೆಲಸದ ಹೊತ್ತಿನಲ್ಲಿ ಬೇಡ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸಾಕು. ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2:2ರಲ್ಲಿ ನಾಲ್ಕು ಕೊಂಡಿಗಳಿವೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ನೀವು ಕಲಿಸಿದವರು ಇನ್ನೊಬ್ಬರಿಗೆ ಹೇಳಿಕೊಡುವವರೆಗೆ ನಿಮ್ಮ ಕೆಲಸ ಅರ್ಧವೇ.

ಅವರು ಹೇಳುವ ಕತೆಯಲ್ಲಿ ತಪ್ಪಿರುತ್ತದೆ. ಯಾಯೀರನ ಮಗಳನ್ನು ಮಗನನ್ನಾಗಿ ಮಾಡಿರುತ್ತಾರೆ. ಎಲ್ಲರ ಮುಂದೆ ತಿದ್ದಬೇಡಿ, ತಿಂಗಳಿಗೊಮ್ಮೆ ಸಿಕ್ಕಾಗ ಪುಸ್ತಕ ತೆಗೆದು ಜೊತೆಯಲ್ಲಿ ಓದಿ.

ಈ ಹಂತದಲ್ಲಿ ನೋಡಿಕೊಳ್ಳಬೇಕಾದ ಗುರುತುಗಳಿವೆ. ಪ್ರತಿ ಪ್ರಶ್ನೆಗೂ "ಅಣ್ಣನನ್ನೇ ಕೇಳಿ" ಎಂದು ನಿಮ್ಮ ಕಡೆ ಬೆರಳು ತೋರಿಸುತ್ತಿದ್ದರೆ ನೀವು ಮಾತಾಡಿದ್ದು ಜಾಸ್ತಿಯಾಗಿದೆ. ಒಬ್ಬರು ಬಿಟ್ಟುಹೋದಾಗ ದುಃಖಕ್ಕಿಂತ ಅವಮಾನವೇ ಹೆಚ್ಚು ಅನ್ನಿಸಿದರೆ ಹಂತ 1ಕ್ಕೆ ವಾಪಸ್ ಹೋಗಿ. ಗುಂಪಿನಲ್ಲಿ ದುಡ್ಡು ಸೇರಲು ಶುರುವಾಗಿದ್ದರೆ ತಕ್ಷಣ ಸಭೆಯ ಲೆಕ್ಕಕ್ಕೆ ಒಪ್ಪಿಸಿ. ಮೊದಲ ವರ್ಷ ಕಾಣಿಕೆ ಎತ್ತದಿರುವುದೇ ಒಳ್ಳೆಯದು.

ಮೂವರಲ್ಲಿ ಒಬ್ಬರು ಉಳಿದರೂ ಲೆಕ್ಕ ಸರಿಯಾಗಿದೆ. ಮಾರ್ಚ್ ಕೊನೆಗೆ, ಕೊನೆಯ ಮೂಟೆ ಕಣದಿಂದ ಎದ್ದ ಮೇಲೆ, ಅವರನ್ನು ಮನೆಗೆ ಕರೆದು ಬೆಲ್ಲದ ಕಾಫಿ ಕೊಡಿ. ಹಳೆಯ ನೋಟ್‌ಬುಕ್‌ನ ಹೊಸ ಪುಟ ತೆಗೆದು ಪೆನ್ನು ಅವರ ಕೈಗೆ ಕೊಡಿ. ಈ ಸಲದ ಐದು ಹೆಸರು ಅವರೇ ಬರೆಯಲಿ. ಬರೆಯಲು ಬಾರದಿದ್ದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ.